ಎಫ್‌ಎನ್‌ಪಿ ಓದಲು ಯಾವ ದಾರಿ? ಅಮೆರಿಕದಲ್ಲಿರುವ ಕನ್ನಡದ ನರ್ಸುಗಳಿಗೆ ಒಂದು ಹೋಲಿಕೆ

ಅಮೆರಿಕದಲ್ಲಿ ಕೆಲವು ವರ್ಷ ಬೆಡ್‌ಸೈಡ್ ಕೆಲಸ ಮಾಡಿದ ನರ್ಸುಗಳು ಸೇರಿದ ಕಡೆ ಒಂದು ಮಾತು ಬಂದೇ ಬರುತ್ತದೆ. "ಎಫ್‌ಎನ್‌ಪಿ ಮಾಡಿಬಿಡೋಣ್ವಾ?" ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಅಂದರೆ ಹಸುಗೂಸಿನಿಂದ ಅಜ್ಜಿಯವರೆಗೆ ಎಲ್ಲ ವಯಸ್ಸಿನವರನ್ನೂ ಪರೀಕ್ಷಿಸಿ, ಟೆಸ್ಟ್ ಬರೆದು, ಕಾಯಿಲೆ ಏನೆಂದು ಹೇಳಿ, ಔಷಧ ಬರೆದುಕೊಡುವ ನರ್ಸ್. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ಡಾಕ್ಟರ್ ಸೇರಿ ಒಂದು ಕೋರ್ಸ್ ಶುರು ಮಾಡಿದರು. ನರ್ಸ್ ಪ್ರಾಕ್ಟೀಷನರ್ ಎಂಬ ಹುದ್ದೆ ಹುಟ್ಟಿದ್ದು ಅಲ್ಲಿಂದ. ಈಗ ಆ ದೇಶದಲ್ಲಿ 4 ಲಕ್ಷಕ್ಕೂ ಜಾಸ್ತಿ ಎನ್‌ಪಿಗಳಿದ್ದಾರೆ. ಅವರಲ್ಲಿ ಎಫ್‌ಎನ್‌ಪಿಗಳದ್ದೇ ದೊಡ್ಡ ಪಾಲು.

ಓದಬೇಕು ಅಂತ ತೀರ್ಮಾನಿಸಿ ಕಾಲೇಜು ಹುಡುಕಲು ಕೂತರೆ ತಲೆ ಕೆಡುತ್ತದೆ. ಎಂಎಸ್‌ಎನ್ (ನರ್ಸಿಂಗ್ ಮಾಸ್ಟರ್ಸ್) ಅಂತಾರೆ, ಡಿಎನ್‌ಪಿ (ನರ್ಸಿಂಗ್ ಡಾಕ್ಟರೇಟ್) ಅಂತಾರೆ, ಮಾಸ್ಟರ್ಸ್ ಆದವರಿಗೆ ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಅಂತಾರೆ. ಫೋನ್ ನಂಬರ್ ಕೊಟ್ಟ ಮಾರನೇ ದಿನದಿಂದ ಅಡ್ಮಿಷನ್ ಆಫೀಸಿನವರ ಕರೆ ನಿಲ್ಲುವುದಿಲ್ಲ. ಹೆಚ್ಚಿನವರು ಮೊದಲು ರ್‍ಯಾಂಕಿಂಗ್ ನೋಡುತ್ತಾರೆ, ಆಮೇಲೆ ಫೀಸು, ಆಮೇಲೆ ಡಿಗ್ರಿಯ ಹೆಸರು. ನನ್ನ ಪ್ರಕಾರ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ನಿಮ್ಮ ಪ್ರಿಸೆಪ್ಟರನ್ನು, ಅಂದರೆ ಕ್ಲಿನಿಕ್ಕಿನಲ್ಲಿ ಜೊತೆಗಿಟ್ಟುಕೊಂಡು ಕಲಿಸುವವರನ್ನು, ಯಾರು ಹುಡುಕಿಕೊಡುತ್ತಾರೆ? ಓದು ಮುಗಿದ ಮೇಲೆ ನೀವು ಯಾವ ರಾಜ್ಯದಲ್ಲಿ ಕೆಲಸ ಮಾಡುತ್ತೀರಿ? ಡಿಗ್ರಿಯ ಹೆಸರಿಗೆ ಮೂರನೇ ಜಾಗ ಸಾಕು.

ಎಫ್‌ಎನ್‌ಪಿಯೇ ಬೇಕಾ?

ಎಫ್‌ಎನ್‌ಪಿಯ ದಿನ ಹೇಗಿರುತ್ತದೆ ಅಂತ ಮೊದಲು ನೋಡಿ. ಶುಗರ್, ಬಿಪಿ, ಥೈರಾಯ್ಡ್, ಕೆಮ್ಮು, ಮಕ್ಕಳ ಲಸಿಕೆ, ಪ್ಯಾಪ್ ಸ್ಮಿಯರ್, ಬೆನ್ನುನೋವು. ಒಬ್ಬ ರೋಗಿಗೆ ಹದಿನೈದು ಇಪ್ಪತ್ತು ನಿಮಿಷ. ಸಂಜೆ ಮನೆಗೆ ಹೋದ ಮೇಲೂ ಚಾರ್ಟಿಂಗ್ ಬಾಕಿ. ನೈಟ್ ಡ್ಯೂಟಿ ಇರುವುದಿಲ್ಲ, ಬೆನ್ನು ಮುರಿಯುವಷ್ಟು ಎತ್ತಿ ಇಳಿಸುವುದಿಲ್ಲ. ಬದಲಿಗೆ ತೀರ್ಮಾನದ ಭಾರ ನಿಮ್ಮ ಮೇಲೆ ಬರುತ್ತದೆ.

ಐಸಿಯುನಲ್ಲೇ ಬೆಳೆದವರು, ಅಲ್ಲೇ ಇರಬೇಕು ಅನ್ನುವವರು ಎಫ್‌ಎನ್‌ಪಿ ಮಾಡಬೇಡಿ. "ಎಫ್‌ಎನ್‌ಪಿ ಇದ್ದರೆ ಎಲ್ಲಾ ಕಡೆ ನಡೆಯುತ್ತೆ" ಅನ್ನುವ ಮಾತು ಹಳೆಯದಾಯಿತು. ಎನ್‌ಪಿ ಯಾವ ವಯಸ್ಸಿನ, ಯಾವ ರೀತಿಯ ರೋಗಿಗಳಿಗಾಗಿ ಓದಿದ್ದಾರೋ ಅವರನ್ನೇ ನೋಡಬೇಕು ಅಂತ ಎನ್‌ಪಿಯಂಥ ಉನ್ನತ ತರಬೇತಿಯ ನರ್ಸುಗಳ ಬಗ್ಗೆ ನರ್ಸಿಂಗ್ ಸಂಘಟನೆಗಳು ಒಪ್ಪಿಕೊಂಡ 2008ರ ಎಪಿಆರ್‌ಎನ್ ಕನ್ಸೆನ್ಸಸ್ ಮಾಡೆಲ್ ಹೇಳಿತು. ಅದಾದ ಮೇಲೆ ಎಷ್ಟೋ ಆಸ್ಪತ್ರೆಗಳು ವಾರ್ಡು ಮತ್ತು ಐಸಿಯು ಕೆಲಸಕ್ಕೆ ಅಕ್ಯೂಟ್ ಕೇರ್ (ತೀವ್ರ ಕಾಯಿಲೆಯವರ ಆರೈಕೆ) ಸರ್ಟಿಫಿಕೇಷನ್ ಇದ್ದವರನ್ನೇ ಕೇಳುತ್ತವೆ. ಮಾನಸಿಕ ಆರೋಗ್ಯದಲ್ಲಿ ಆಸಕ್ತಿ ಇದ್ದರೆ ಪಿಎಂಎಚ್‌ಎನ್‌ಪಿ (ಮಾನಸಿಕ ಆರೋಗ್ಯದ ಎನ್‌ಪಿ) ನೋಡಿ. ಅಲ್ಲಿ ಮನೆಯಿಂದಲೇ ವಿಡಿಯೊದಲ್ಲಿ ರೋಗಿಗಳನ್ನು ನೋಡುವ ಕೆಲಸವೂ ಸಾಕಷ್ಟಿದೆ. ಮಕ್ಕಳನ್ನು ನೋಡುವುದೇ ಬೇಡ ಅನ್ನುವವರಿಗೆ ದೊಡ್ಡವರು ಮತ್ತು ವೃದ್ಧರಿಗೆ ಮಾತ್ರ ಸೀಮಿತವಾದ ಪ್ರೈಮರಿ ಕೇರ್ ಕೋರ್ಸ್ ಇದೆ. ಆದರೆ ಸಣ್ಣ ಊರಿನ ಕ್ಲಿನಿಕ್, ಅರ್ಜೆಂಟ್ ಕೇರ್, ಕಮ್ಯುನಿಟಿ ಹೆಲ್ತ್ ಸೆಂಟರ್ ಇವೆಲ್ಲ ಎಫ್‌ಎನ್‌ಪಿಯನ್ನೇ ಹುಡುಕುತ್ತವೆ. ಎನ್‌ಪಿಗಳಲ್ಲಿ ಬಂದವರೆಲ್ಲರನ್ನೂ ನೋಡಬಲ್ಲವರು ಅವರೊಬ್ಬರೇ ಅಲ್ವಾ.

ಎಂಎಸ್‌ಎನ್ ಅಥವಾ ಡಿಎನ್‌ಪಿ

ಈ ಗೊಂದಲಕ್ಕೆ ಒಂದು ಹಿನ್ನೆಲೆ ಇದೆ. 2015ರೊಳಗೆ ಎನ್‌ಪಿ ಆಗಲು ಡಿಎನ್‌ಪಿಯೇ ಕನಿಷ್ಠ ಓದಾಗಬೇಕು ಅಂತ ಅಮೆರಿಕದ ನರ್ಸಿಂಗ್ ಕಾಲೇಜುಗಳ ಒಕ್ಕೂಟ 2004ರಲ್ಲಿ ನಿಲುವು ತೆಗೆದುಕೊಂಡಿತು. 2015 ಬಂತು, ಹೋಯಿತು. ಎನ್‌ಪಿ ಅಧ್ಯಾಪಕರ ಸಂಘಟನೆ 2018ರಲ್ಲಿ ಇದೇ ಗುರಿಯನ್ನು 2025ಕ್ಕೆ ಇಟ್ಟಿತು. ಅದೂ ಹೋಯಿತು. ಇವೆರಡೂ ಸಂಘಗಳ ನಿಲುವು, ಕಾನೂನಲ್ಲ. "ಇನ್ನು ಎಂಎಸ್‌ಎನ್ ನಡೆಯಲ್ಲ, ಬೇಗ ಡಿಎನ್‌ಪಿಗೆ ಸೇರಿ" ಅಂತ ಯಾರಾದರೂ ಅವಸರ ಮಾಡಿದರೆ ಅವರು ಸೀಟು ತುಂಬಿಸಲು ಮಾತಾಡುತ್ತಿದ್ದಾರೆ ಅಂತ ತಿಳಿಯಿರಿ.

ಎಂಎಸ್‌ಎನ್ ಮಾಡಿದವರೂ ಡಿಎನ್‌ಪಿ ಮಾಡಿದವರೂ ಬರೆಯುವುದು ಒಂದೇ ಬೋರ್ಡ್ ಪರೀಕ್ಷೆ. ಸಿಗುವುದು ಒಂದೇ ಲೈಸೆನ್ಸ್. ಕ್ಲಿನಿಕ್ಕಿನಲ್ಲಿ ಮಾಡುವುದೂ ಅದೇ ಕೆಲಸ. ವ್ಯತ್ಯಾಸ ಸಮಯದಲ್ಲಿದೆ, ದುಡ್ಡಿನಲ್ಲಿದೆ. ಬಿಎಸ್‌ಎನ್ (ನರ್ಸಿಂಗ್ ಪದವಿ) ಆದವರಿಗೆ ಎಂಎಸ್‌ಎನ್ ಎರಡರಿಂದ ಮೂರು ವರ್ಷ. ನೇರ ಡಿಎನ್‌ಪಿ ಮೂರರಿಂದ ನಾಲ್ಕು ವರ್ಷ, ಕೆಲಸದ ಜೊತೆ ಓದಿದರೆ ಇನ್ನೂ ಜಾಸ್ತಿ. ಆ ಹೆಚ್ಚಿನ ಸಮಯ ಹೋಗುವುದು ಎಲ್ಲವೂ ರೋಗಿಗಳ ಜೊತೆಗಲ್ಲ. ಆರೋಗ್ಯ ನೀತಿ, ಅಂಕಿಅಂಶ, ನಾಯಕತ್ವದ ಪಾಠಗಳಿರುತ್ತವೆ. ಒಂದು ಕ್ಲಿನಿಕ್ ಅಥವಾ ವಾರ್ಡಿನ ಕೆಲಸದ ರೀತಿಯನ್ನು ಸುಧಾರಿಸುವ ಪ್ರಾಜೆಕ್ಟ್ ಮಾಡಬೇಕಾಗುತ್ತದೆ. ಡಿಎನ್‌ಪಿಗೆ ಒಟ್ಟು 1,000 ಗಂಟೆಗಳ ಪ್ರಾಕ್ಟೀಸ್ ಬೇಕು ನಿಜ, ಆದರೆ ಪ್ರಾಜೆಕ್ಟಿನ ಗಂಟೆಗಳೂ ಅದರಲ್ಲಿ ಸೇರುತ್ತವೆ.

ಡಿಎನ್‌ಪಿ ಯಾರಿಗೆ ಸರಿ? ಮುಂದೆ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡಬೇಕು ಅನ್ನುವವರಿಗೆ, ಆಸ್ಪತ್ರೆಯ ಆಡಳಿತಕ್ಕೆ ಹೋಗುವವರಿಗೆ, ಇನ್ನೂ ಚಿಕ್ಕ ವಯಸ್ಸಿನವರಿಗೆ. ಜಾನ್ಸ್ ಹಾಪ್ಕಿನ್ಸ್, ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಂಥ ಕಡೆ ಓದಲೇಬೇಕು ಅಂದರೂ ಡಿಎನ್‌ಪಿಯೇ ದಾರಿ, ಅಲ್ಲಿ ಎಫ್‌ಎನ್‌ಪಿ ಓದು ಆ ಮಟ್ಟಕ್ಕೆ ಹೋಗಿದೆ. ಮನೆ, ಮಕ್ಕಳು, ಕಂತು ಎಲ್ಲ ಇರುವ ಮೂವತ್ತೈದು ನಲವತ್ತರ ನರ್ಸಿಗೆ ನಾನು ಎಂಎಸ್‌ಎನ್ನನ್ನೇ ಹೇಳುತ್ತೇನೆ. ಎನ್‌ಪಿ ಆಗಿ ಸಂಬಳ ಶುರುವಾಗಲಿ. ಆಮೇಲೆ ಬೇಕೆನಿಸಿದರೆ ಆಸ್ಪತ್ರೆಯ ದುಡ್ಡಿನಲ್ಲೇ ಡಿಎನ್‌ಪಿ ಮಾಡಬಹುದು. ಇನ್ನೊಂದು ಮಾತು. ಊರಲ್ಲಿ ಅಮ್ಮ "ಮಗಳು ಡಾಕ್ಟರ್ ಆದಳು" ಅಂತ ಹೇಳಿಕೊಂಡರೆ ತಡೆಯುವವರಿಲ್ಲ. ಕ್ಯಾಲಿಫೋರ್ನಿಯಾದ ಕ್ಲಿನಿಕ್ಕಿನಲ್ಲಿ ಡಿಎನ್‌ಪಿ ಮಾಡಿದ ನರ್ಸ್ ರೋಗಿಗಳ ಮುಂದೆ ತನ್ನನ್ನು ಡಾಕ್ಟರ್ ಅಂತ ಕರೆದುಕೊಂಡರೆ ಕಾನೂನಿನ ತೊಂದರೆ ಬರುತ್ತದೆ.

ನಮ್ಮ ಊರಿನ ಡಿಗ್ರಿ ಅಲ್ಲಿ ಎಲ್ಲಿ ನಿಲ್ಲುತ್ತದೆ

ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಬಿಎಸ್‌ಸಿ ನರ್ಸಿಂಗ್ ಇದ್ದರೆ ದಾರಿ ಸಲೀಸು. ನಮ್ಮ ಡಿಗ್ರಿ ಅಮೆರಿಕದ ಯಾವ ಡಿಗ್ರಿಗೆ ಸಮ ಅಂತ ಹೇಳುವ ಮೌಲ್ಯಮಾಪನ ಸಂಸ್ಥೆಯ ವರದಿ ಮತ್ತು ಅಮೆರಿಕದ ಆರ್‌ಎನ್ (ರಿಜಿಸ್ಟರ್ಡ್ ನರ್ಸ್) ಲೈಸೆನ್ಸ್ ಇಟ್ಟುಕೊಂಡು ನೇರ ಎಂಎಸ್‌ಎನ್‌ಗೆ ಅರ್ಜಿ ಹಾಕಬಹುದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮಾತ್ರ ಇದ್ದು ಎನ್‌ಕ್ಲೆಕ್ಸ್ (ಆರ್‌ಎನ್ ಲೈಸೆನ್ಸಿನ ಪರೀಕ್ಷೆ) ಪಾಸಾಗಿರುವವರಿಗೆ ಎರಡು ದಾರಿ: ಮೊದಲು ಆರ್‌ಎನ್‌ನಿಂದ ಬಿಎಸ್‌ಎನ್, ಇಲ್ಲವೇ ಬಿಎಸ್‌ಎನ್, ಎಂಎಸ್‌ಎನ್ ಎರಡನ್ನೂ ಸೇರಿಸಿದ ಬ್ರಿಡ್ಜ್ ಕೋರ್ಸ್. ಪ್ರತ್ಯೇಕವಾಗಿ ಬಿಎಸ್‌ಎನ್ ಮುಗಿಸುವುದೇ ಮೇಲು. ನಡುವೆ ಓದು ನಿಂತರೂ ಕೈಯಲ್ಲಿ ಒಂದು ಡಿಗ್ರಿ ಇರುತ್ತದೆ.

ಎಂಎಸ್‌ಸಿ ನರ್ಸಿಂಗ್ ಮಾಡಿದವರು ಸ್ವಲ್ಪ ಹುಷಾರಾಗಿರಬೇಕು. "ನನ್ನ ಹತ್ತಿರ ಮಾಸ್ಟರ್ಸ್ ಇದೆ, ಒಂದೂವರೆ ವರ್ಷದ ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಸಾಕು" ಅನ್ನಿಸುವುದು ಸಹಜ. ಆದರೆ ಆ ಸರ್ಟಿಫಿಕೇಟಿಗೆ ಹಲವು ಕಾಲೇಜುಗಳು ಅಮೆರಿಕದಲ್ಲೇ ಮಾನ್ಯತೆ ಪಡೆದ ಎಂಎಸ್‌ಎನ್ ಕೇಳುತ್ತವೆ. ಒಪ್ಪುವ ಕಾಲೇಜು ಸಿಕ್ಕರೂ ಅಡ್ವಾನ್ಸ್‌ಡ್ ಪ್ಯಾಥೊಫಿಸಿಯಾಲಜಿ, ಫಾರ್ಮಕಾಲಜಿ, ಫಿಸಿಕಲ್ ಅಸೆಸ್‌ಮೆಂಟ್ ಎಂಬ ಮೂರು ವಿಷಯಗಳನ್ನು ಮತ್ತೆ ಓದಿಸುವ ಸಾಧ್ಯತೆ ಇದೆ. ಇವೆಲ್ಲ ಸೇರಿದರೆ ಪೂರ್ತಿ ಎಂಎಸ್‌ಎನ್‌ಗಿಂತ ಎಷ್ಟು ಉಳಿತಾಯ ಅಂತ ಪೆನ್ನು ಹಿಡಿದು ಲೆಕ್ಕ ಹಾಕಿ. ಕೆಲವರಿಗೆ ಏನೂ ಉಳಿಯುವುದಿಲ್ಲ.

ಆನ್‌ಲೈನ್, ಕ್ಯಾಂಪಸ್, ಮತ್ತು ಆ ಪ್ರಿಸೆಪ್ಟರ್

ಆನ್‌ಲೈನ್ ಅಂದರೆ ಕಳಪೆ ಅನ್ನುವುದು ತಪ್ಪು. ಕೆಂಟಕಿಯ ಫ್ರಾಂಟಿಯರ್ ನರ್ಸಿಂಗ್ ಯೂನಿವರ್ಸಿಟಿ 1970ರಿಂದಲೇ ಫ್ಯಾಮಿಲಿ ನರ್ಸ್‌ಗಳನ್ನು ತಯಾರು ಮಾಡುತ್ತಿದೆ. ಈಗ ಅದು ದೂರಶಿಕ್ಷಣಕ್ಕೇ ಹೆಸರಾದ ಸಂಸ್ಥೆ. ಟೆಕ್ಸಸ್‌ನ ಆರ್ಲಿಂಗ್ಟನ್‌ನಲ್ಲಿರುವ ಸರ್ಕಾರಿ ವಿಶ್ವವಿದ್ಯಾಲಯವೂ ಎಫ್‌ಎನ್‌ಪಿಯನ್ನು ಆನ್‌ಲೈನಿನಲ್ಲಿ ಕಲಿಸುತ್ತದೆ. ಪಾಠ ಲ್ಯಾಪ್‌ಟಾಪಿನಲ್ಲಿ ನಡೆಯಬಹುದು. ಕ್ಲಿನಿಕಲ್ ತರಬೇತಿ ಮಾತ್ರ ನಿಜವಾದ ರೋಗಿಗಳ ಮುಂದೆಯೇ ಆಗಬೇಕು. ಕಾಲೇಜು ಕಾಲೇಜಿಗೂ ನಿಜವಾದ ವ್ಯತ್ಯಾಸ ಇರುವುದೇ ಇಲ್ಲಿ.

2022ರ ರಾಷ್ಟ್ರೀಯ ಮಾನದಂಡದ ಪ್ರಕಾರ ಎನ್‌ಪಿ ವಿದ್ಯಾರ್ಥಿ ಕನಿಷ್ಠ 750 ಗಂಟೆ ನೇರವಾಗಿ ರೋಗಿಗಳ ಆರೈಕೆಯಲ್ಲಿ ಇರಬೇಕು. ಮೊದಲು ಇದು 500 ಇತ್ತು. ವಾರಕ್ಕೆ ಎರಡು ದಿನ, ದಿನಕ್ಕೆ 8 ಗಂಟೆ ಅಂದರೂ 47 ವಾರ ಆಗುತ್ತದೆ. ಇದೆಲ್ಲ ಸಂಬಳವಿಲ್ಲದ ಕೆಲಸ. ಅದಕ್ಕೆ ಒಬ್ಬ ಎನ್‌ಪಿ ಅಥವಾ ಡಾಕ್ಟರ್ ನಿಮ್ಮನ್ನು ಜೊತೆಗಿಟ್ಟುಕೊಂಡು ಕಲಿಸಲು ಒಪ್ಪಬೇಕು. ಅವರೇ ಪ್ರಿಸೆಪ್ಟರ್. ಎಫ್‌ಎನ್‌ಪಿಗೆ ಒಬ್ಬರು ಸಾಲುವುದಿಲ್ಲ. ಫ್ಯಾಮಿಲಿ ಪ್ರಾಕ್ಟೀಸ್, ಮಕ್ಕಳು, ಹೆಂಗಸರ ಆರೋಗ್ಯ ಹೀಗೆ ಬೇರೆಬೇರೆ ಕಡೆ ಕೂರಬೇಕು. ಮಕ್ಕಳ ಕ್ಲಿನಿಕ್ ಮತ್ತು ಹೆಂಗಸರ ಕ್ಲಿನಿಕ್ ಸಿಗುವುದೇ ಕಷ್ಟ.

ಕಾಲೇಜುಗಳು ಇದನ್ನು ಮೂರು ರೀತಿಯಲ್ಲಿ ನಿಭಾಯಿಸುತ್ತವೆ. ಕೆಲವು ತಾವೇ ಜಾಗ ಗೊತ್ತು ಮಾಡಿ "ಸೋಮವಾರ ಇಲ್ಲಿಗೆ ಹೋಗಿ" ಅನ್ನುತ್ತವೆ. ಸ್ಥಳೀಯ ಆಸ್ಪತ್ರೆಗಳ ಜೊತೆ ಹಳೆಯ ನಂಟಿರುವ ಕ್ಯಾಂಪಸ್ ಕಾಲೇಜುಗಳಲ್ಲಿ ಇದು ಜಾಸ್ತಿ. ಕೆಲವು ಕಡೆ ನೀವು ಹುಡುಕಬೇಕು, ಸಿಗದಿದ್ದರೆ ಅವರು ಕೈ ಜೋಡಿಸುತ್ತಾರೆ. ಇನ್ನು ಕೆಲವು ಕಡೆ ಇಂಟರ್ನೆಟ್ಟಿನಲ್ಲಿ ಸಿಗುವಂಥದ್ದೇ ಒಂದು ಪಟ್ಟಿ ಕೊಟ್ಟು ಸುಮ್ನೆ ಆಗಿಬಿಡುತ್ತಾರೆ. ಆಗ ನೀವು ಶಿಫ್ಟ್ ಮುಗಿಸಿಕೊಂಡು ಕ್ಲಿನಿಕ್‌ಗಳಿಗೆ ಫೋನ್ ಮಾಡುತ್ತಾ ಕೂರಬೇಕು. "ಈ ವರ್ಷ ಸ್ಟೂಡೆಂಟ್ಸ್ ತಗೊಳ್ತಿಲ್ಲ" ಅನ್ನುವ ಉತ್ತರವೇ ಸಿಗುತ್ತದೆ. ಪ್ರಿಸೆಪ್ಟರ್ ಸಿಗದೆ ಒಂದು ಸೆಮಿಸ್ಟರ್ ಹಿಂದೆ ಬಿದ್ದವರು ಬೇಕಾದಷ್ಟು ಜನ. ಗಂಟೆ ಲೆಕ್ಕದಲ್ಲಿ ಸಾವಿರಾರು ಡಾಲರ್ ತೆಗೆದುಕೊಂಡು ಪ್ರಿಸೆಪ್ಟರ್ ಹುಡುಕಿಕೊಡುವ ಕಂಪನಿಗಳೂ ಹುಟ್ಟಿಕೊಂಡಿವೆ. ಕ್ರೆಡಿಟ್‌ಗೆ ಕಡಿಮೆ ಫೀಸು ಅಂತ ಸೇರಿದ ಕಾಲೇಜು ಕೊನೆಗೆ ದುಬಾರಿಯಾಗುವುದು ಹೀಗೆ.

ಅಡ್ಮಿಷನ್ನಿನವರನ್ನು ಇಷ್ಟು ಕೇಳಿ. ಕ್ಲಿನಿಕಲ್ ಜಾಗ ಗೊತ್ತು ಮಾಡುವ ಹೊಣೆ ಯಾರದು? ಅದು ಕಾಗದದಲ್ಲಿ ಇದೆಯಾ? ಹೋದ ವರ್ಷ ನನ್ನ ಕೌಂಟಿಯಲ್ಲಿ ಎಷ್ಟು ವಿದ್ಯಾರ್ಥಿಗಳಿದ್ದರು, ಎಲ್ಲಿ ಕೂತರು? ಎಷ್ಟು ದೂರದವರೆಗೆ ಕಳಿಸುತ್ತೀರಿ? ಜಾಗ ಸಿಗದೆ ಸೆಮಿಸ್ಟರ್ ತಪ್ಪಿದರೆ ಫೀಸಿನ ಕಥೆ ಏನು? ಉತ್ತರ ತಡವರಿಸಿದರೆ ಆ ಕಾಲೇಜಿಗೆ ಹೋಗಬೇಡಿ. ರ್‍ಯಾಂಕಿಂಗ್ ಎಷ್ಟೇ ಮೇಲಿರಲಿ.

ನಮ್ಮವರಿಗೆ ಇಲ್ಲೊಂದು ಅನುಕೂಲವಿದೆ, ಎಷ್ಟೋ ಜನ ಅದನ್ನು ಬಳಸುವುದೇ ಇಲ್ಲ. ದೊಡ್ಡ ಊರುಗಳ ಕನ್ನಡ ಕೂಟಗಳಲ್ಲಿ ಡಾಕ್ಟರುಗಳು ಇದ್ದೇ ಇರುತ್ತಾರೆ. ಯುಗಾದಿ ಊಟದ ಪಂಕ್ತಿಯಲ್ಲಿ ಪಕ್ಕ ಕೂತ ಮಕ್ಕಳ ಡಾಕ್ಟರನ್ನು ಓದು ಶುರುವಾಗುವ ಒಂದು ವರ್ಷ ಮೊದಲೇ ಕೇಳಿಡಿ. "ಸರ್, ಮುಂದಿನ ವರ್ಷ ನಿಮ್ಮ ಕ್ಲಿನಿಕ್ಕಿಗೆ ಕಲಿಯಲು ಬರಬಹುದಾ?" ಸಂಕೋಚ ಬೇಡ. ನೆಂಟರನ್ನು ಪ್ರಿಸೆಪ್ಟರ್ ಮಾಡಿಕೊಳ್ಳಲು ಮಾತ್ರ ಹೆಚ್ಚಿನ ಕಾಲೇಜುಗಳು ಒಪ್ಪುವುದಿಲ್ಲ.

ಆನ್‌ಲೈನ್ ಓದುವವರು ಇನ್ನೊಂದನ್ನು ಗಮನಿಸಬೇಕು. ಕಾಲೇಜು ಬೇರೆ ರಾಜ್ಯದ್ದಾದರೆ ನಿಮ್ಮ ರಾಜ್ಯದಲ್ಲಿ ಕ್ಲಿನಿಕಲ್ ಮಾಡಿಸಲು ಅದಕ್ಕೆ ಅನುಮತಿ ಇರಬೇಕು. ಕೆಲವು ರಾಜ್ಯಗಳು ಇದರಲ್ಲಿ ಬಿಗಿ. ಗಂಡನ ಕೆಲಸ ಬದಲಾಗಿ ಓದಿನ ನಡುವೆ ಊರು ಬಿಡುವ ಸಂಭವ ಇದ್ದರೆ ಇದನ್ನು ಮೊದಲೇ ವಿಚಾರಿಸಿ. ಐಟಿ ಕುಟುಂಬಗಳಲ್ಲಿ ಇದು ಆಗಾಗ ಆಗುವ ವಿಷಯವೇ.

ಯಾವ ರಾಜ್ಯ?

ಎಫ್‌ಎನ್‌ಪಿ ಏನು ಮಾಡಬಹುದು ಅನ್ನುವುದನ್ನು ರಾಜ್ಯದ ಕಾನೂನು ತೀರ್ಮಾನಿಸುತ್ತದೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಎನ್‌ಪಿ ಡಾಕ್ಟರ ಸಹಿ ಇಲ್ಲದೆ ತಾನೇ ರೋಗಿಗಳನ್ನು ನೋಡಿ ಔಷಧ ಬರೆಯಬಹುದು. ಸಿಯಾಟಲ್ ಕಡೆಯವರಿಗೆ ಈ ಸ್ವಾತಂತ್ರ್ಯ ಪೂರ್ತಿ ಇದೆ. ಡಾಲಸ್, ಆಸ್ಟಿನ್, ಹ್ಯೂಸ್ಟನ್‌ನವರಿಗೆ ಇಲ್ಲ. ಟೆಕ್ಸಸ್‌ನಲ್ಲಿ ಔಷಧ ಬರೆಯಲು ಒಬ್ಬ ಡಾಕ್ಟರ ಜೊತೆ ಬರವಣಿಗೆಯ ಒಪ್ಪಂದ ಬೇಕು. ಸ್ವಂತ ಕ್ಲಿನಿಕ್ ತೆರೆದರೆ ಆ ಡಾಕ್ಟರಿಗೆ ತಿಂಗಳಿಗಿಷ್ಟು ಅಂತ ಕೊಡಬೇಕಾಗಬಹುದು. ಇಲಿನಾಯ್‌ನಲ್ಲಿ ಮೊದಲು ಡಾಕ್ಟರ ಜೊತೆಗಿನ ಒಪ್ಪಂದದಲ್ಲಿ 4,000 ಗಂಟೆ ಕೆಲಸ ಮಾಡಬೇಕು. ಕ್ಯಾಲಿಫೋರ್ನಿಯಾ 2020ರಲ್ಲಿ ಎಬಿ 890 ಎಂಬ ಕಾನೂನು ತಂದಿತು. ಅಲ್ಲಿ ಸ್ವಾತಂತ್ರ್ಯ ಹಂತಹಂತವಾಗಿ, ವರ್ಷಗಳ ಅನುಭವ ಆದ ಮೇಲೆ ಸಿಗುತ್ತದೆ.

ಆಸ್ಪತ್ರೆಯ ಕ್ಲಿನಿಕ್ಕಿನಲ್ಲಿ ಸಂಬಳಕ್ಕೆ ಕೆಲಸ ಮಾಡುವವರಿಗೆ ಇದರಿಂದ ದಿನನಿತ್ಯ ದೊಡ್ಡ ವ್ಯತ್ಯಾಸ ಕಾಣದು. ಸ್ವಂತ ಬೋರ್ಡು ಹಾಕುವ ಆಸೆ ಇದ್ದವರು ಕಾಲೇಜಿಗಿಂತ ಮೊದಲು ರಾಜ್ಯ ನೋಡಬೇಕು.

ದುಡ್ಡು

ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ 2024ರ ಮೇ ಲೆಕ್ಕದಲ್ಲಿ ಆರ್‌ಎನ್ ಒಬ್ಬರ ನಡುಮಟ್ಟದ ವಾರ್ಷಿಕ ಸಂಬಳ 93,600 ಡಾಲರ್, ಎನ್‌ಪಿಯದ್ದು 1,29,210 ಡಾಲರ್. ಇದು ಇಡೀ ದೇಶದ ಲೆಕ್ಕ. ಕ್ಯಾಲಿಫೋರ್ನಿಯಾದಲ್ಲಿ ಆರ್‌ಎನ್‌ಗಳ ಸರಾಸರಿ ಸಂಬಳವೇ 1,30,000 ಡಾಲರ್ ದಾಟುತ್ತದೆ. ಬೇ ಏರಿಯಾದಲ್ಲಿ ಹದಿನೈದು ವರ್ಷದ ಅನುಭವ, ನೈಟ್ ಡ್ಯೂಟಿ ಭತ್ಯೆ, ಓವರ್‌ಟೈಮ್ ಎಲ್ಲ ಇರುವ ನರ್ಸ್ ಹೊಸ ಎಫ್‌ಎನ್‌ಪಿ ಆದಾಗ ಸಂಬಳ ಇಳಿಯುವುದೂ ಉಂಟು. ದುಡ್ಡಿಗಾಗಿಯೇ ಓದುವುದಾದರೆ ನಿಮ್ಮ ಊರಿನ ಲೆಕ್ಕ ತೆಗೆಯಿರಿ.

ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಒಂದು ಕ್ರೆಡಿಟ್‌ಗೆ ಕೆಲವು ನೂರು ಡಾಲರ್. ಹೆಸರಾಂತ ಖಾಸಗಿ ಕಾಲೇಜುಗಳಲ್ಲಿ ಎರಡು ಸಾವಿರ ದಾಟುವುದೂ ಇದೆ. ಸಾಲದ ನಿಯಮವೂ ಬದಲಾಗಿದೆ. 2025ರ ಜುಲೈನಲ್ಲಿ ಸಹಿಯಾದ ಕಾನೂನಿನ ಪ್ರಕಾರ 2026ರ ಜುಲೈ 1ರಿಂದ ಹೊಸಬರಿಗೆ ಗ್ರಾಡ್ ಪ್ಲಸ್ ಎಂಬ ಫೆಡರಲ್ ಸಾಲ ಇಲ್ಲ. ಸ್ನಾತಕೋತ್ತರ ಓದಿಗೆ ಫೆಡರಲ್ ಸಾಲ ವರ್ಷಕ್ಕೆ 20,500 ಡಾಲರ್, ಒಟ್ಟು 1 ಲಕ್ಷ ಡಾಲರ್ ಮಿತಿ. ವೃತ್ತಿಪರ ಡಿಗ್ರಿಗಳಿಗೆ ಇದರ ಎರಡು ಪಟ್ಟಿಗೂ ಜಾಸ್ತಿ ವಾರ್ಷಿಕ ಮಿತಿ ಇದೆ. ಆದರೆ ಶಿಕ್ಷಣ ಇಲಾಖೆ 2025ರ ಕೊನೆಯಲ್ಲಿ ಮುಂದಿಟ್ಟ ವ್ಯಾಖ್ಯೆಯಲ್ಲಿ ನರ್ಸಿಂಗ್ ಇರಲಿಲ್ಲ. ನರ್ಸಿಂಗ್ ಸಂಘಟನೆಗಳು ಜೋರಾಗಿಯೇ ಪ್ರತಿಭಟಿಸಿದವು. ದುಬಾರಿ ಡಿಎನ್‌ಪಿಗೆ ಸೇರುವ ಮೊದಲು ಇದನ್ನು ಕಾಲೇಜಿನ ಸಾಲ ವಿಭಾಗದಲ್ಲಿ ಕೇಳಿ.

ಹೆಚ್ಚಿನ ಆಸ್ಪತ್ರೆಗಳು ಓದಿಗೆ ಸಹಾಯ ಮಾಡುತ್ತವೆ. ವರ್ಷಕ್ಕೆ 5,250 ಡಾಲರ್‌ವರೆಗೆ ಕೊಟ್ಟರೆ ಅದಕ್ಕೆ ತೆರಿಗೆ ಇಲ್ಲ. ಬದಲಿಗೆ ಇಷ್ಟು ವರ್ಷ ಇಲ್ಲೇ ಇರಬೇಕು ಅನ್ನುವ ಷರತ್ತು ಇರುತ್ತದೆ, ಓದಿ ಸಹಿ ಮಾಡಿ. ಓದು ಮುಗಿದ ಮೇಲೆ ಫೆಡರಲ್ ಸರ್ಕಾರದ ನರ್ಸ್ ಕೋರ್ ಯೋಜನೆಯಡಿ ಕೊರತೆ ಇರುವ ಕಡೆ ಎರಡು ವರ್ಷ ಕೆಲಸ ಮಾಡಿದರೆ ಸಾಲದ ಶೇ 60ರಷ್ಟು ತೀರಿಸುತ್ತಾರೆ. ಇದಕ್ಕೆ ಗ್ರೀನ್ ಕಾರ್ಡ್ ಇದ್ದರೂ ಸಾಕು.

ವೀಸಾ ವಿಷಯ ಚಿಕ್ಕದಾಗಿ. ಎಚ್-4ನಲ್ಲಿ (ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವ ವೀಸಾ) ಇರುವವರು ಓದಬಹುದು, ಫೆಡರಲ್ ಸಾಲ ಮಾತ್ರ ಸಿಗದು. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬರುವವರಿಗೆ ಪೂರ್ತಿ ಆನ್‌ಲೈನ್ ಕೋರ್ಸ್ ಆಗದು, ಕ್ಯಾಂಪಸ್ಸೇ ಬೇಕು. ಸಾಮಾನ್ಯ ಆರ್‌ಎನ್ ಕೆಲಸಕ್ಕೆ ಎಚ್-1ಬಿ ಕೆಲಸದ ವೀಸಾ ಸಿಗುವುದು ಕಷ್ಟ, ಮಾಸ್ಟರ್ಸ್ ಬೇಕಾದ ಎಫ್‌ಎನ್‌ಪಿ ಕೆಲಸ ಅದಕ್ಕೆ ಒಪ್ಪುತ್ತದೆ. ಇಬಿ-3 ಗ್ರೀನ್ ಕಾರ್ಡ್ ಸಾಲಿನಲ್ಲಿ ವರ್ಷಗಟ್ಟಲೆ ಕಾಯುತ್ತಿರುವ ಕುಟುಂಬಗಳಿಗೆ ಇದು ಸಣ್ಣ ವಿಷಯವಲ್ಲ. ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಪರೀಕ್ಷೆ

ಎರಡು ಸಂಸ್ಥೆಗಳ ಬೋರ್ಡ್ ಪರೀಕ್ಷೆ ಇದೆ, ಒಂದು ಬರೆದರೆ ಸಾಕು. ಎಎಎನ್‌ಪಿಸಿಬಿಯದ್ದು 150 ಪ್ರಶ್ನೆ, ಅದರಲ್ಲಿ 135ಕ್ಕೆ ಅಂಕ, ಪೂರ್ತಿ ಕ್ಲಿನಿಕಲ್. ಎಎನ್‌ಸಿಸಿಯದ್ದರಲ್ಲಿ ಸಂಶೋಧನೆ, ನೀತಿ, ವೃತ್ತಿಯ ಪ್ರಶ್ನೆಗಳೂ ಬರುತ್ತವೆ. ಕ್ಲಿನಿಕ್ಕಿಗೆ ಹೋಗುವವರು ಮೊದಲನೆಯದನ್ನೇ ಬರೆಯಿರಿ. ಮೊದಲ ಯತ್ನದಲ್ಲಿ ಎಷ್ಟು ಜನ ಪಾಸಾದರು ಅನ್ನುವ ಲೆಕ್ಕವನ್ನು ಕಾಲೇಜು ಕೊಡದಿದ್ದರೆ, ಅಥವಾ ಸಿಸಿಎನ್‌ಇ, ಎಸಿಇಎನ್‌ನಂಥ ನರ್ಸಿಂಗ್ ಮಾನ್ಯತಾ ಸಂಸ್ಥೆಗಳ ಮಾನ್ಯತೆ ಇಲ್ಲದಿದ್ದರೆ, ಅರ್ಜಿ ಶುಲ್ಕವನ್ನೂ ಕಟ್ಟಬೇಡಿ.

ಕರ್ನಾಟಕದಲ್ಲೇ ಇರುವವರು

ಅಮೆರಿಕದ ಎಫ್‌ಎನ್‌ಪಿ ಥರ ತಾನೇ ಕ್ಲಿನಿಕ್ ನಡೆಸಿ ಔಷಧ ಬರೆಯುವ ನರ್ಸ್ ಹುದ್ದೆ ನಮ್ಮಲ್ಲಿ ಬೆಳೆದಿಲ್ಲ. ಭಾರತೀಯ ನರ್ಸಿಂಗ್ ಕೌನ್ಸಿಲ್ ತಂದ ಎರಡು ವರ್ಷದ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್ ಐಸಿಯುಗೆ ಸಂಬಂಧಿಸಿದ್ದು. ಹೆರಿಗೆಗೆ ನರ್ಸ್ ಪ್ರಾಕ್ಟೀಷನರ್ ಮಿಡ್‌ವೈಫ್ ತರಬೇತಿ 18 ತಿಂಗಳಿನದು. ಹಳ್ಳಿಯ ಉಪಕೇಂದ್ರಗಳಲ್ಲಿ ಶುಗರ್, ಬಿಪಿ ನೋಡಿ ಮಾತ್ರೆ ಕೊಡುವ ಸಮುದಾಯ ಆರೋಗ್ಯ ಅಧಿಕಾರಿಯ ಕೆಲಸವೇ ಎಫ್‌ಎನ್‌ಪಿಗೆ ಹತ್ತಿರ, ಅಧಿಕಾರ ಮಾತ್ರ ತೀರಾ ಕಡಿಮೆ. ಇವು ಯಾವುವೂ ಅಮೆರಿಕದಲ್ಲಿ ಎಫ್‌ಎನ್‌ಪಿ ಅಂತ ನಡೆಯುವುದಿಲ್ಲ. ಅಲ್ಲಿಗೆ ಹೋಗುವ ಯೋಚನೆ ಇದ್ದರೆ ಇಲ್ಲಿ ಇನ್ನೊಂದು ಡಿಗ್ರಿಗೆ ವರ್ಷ ಕಳೆಯುವುದಕ್ಕಿಂತ ಬಿಎಸ್‌ಸಿ, ಒಳ್ಳೆಯ ಆಸ್ಪತ್ರೆಯ ಅನುಭವ, ಎನ್‌ಕ್ಲೆಕ್ಸ್ ಇವು ಮೂರು ಸಾಕು.

ಹೊರಡುವ ಮೊದಲು ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿ. ಸಿಲಬಸ್ಸಿನ ಪ್ರತಿ, ಕ್ಲಿನಿಕಲ್ ಗಂಟೆಗಳ ಪತ್ರ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಎಲ್ಲದರ ಸ್ಕ್ಯಾನ್ ಇಟ್ಟುಕೊಳ್ಳಿ. ಓದಿದ ಕಾಲೇಜಿನ ಆಫೀಸಿನಲ್ಲಿ ಫೋನ್ ಎತ್ತುವ ಒಬ್ಬರ ನಂಬರ್ ಕೂಡ ಇರಲಿ. ಮೌಲ್ಯಮಾಪನ ಸಂಸ್ಥೆಗೆ ಟ್ರಾನ್ಸ್‌ಕ್ರಿಪ್ಟಿನ ಲಕೋಟೆ ಮೊಹರಿನ ಸಮೇತ ವಿಶ್ವವಿದ್ಯಾಲಯದಿಂದ ನೇರವಾಗಿ ಹೋಗಬೇಕಾಗುತ್ತದೆ. ಅಮೆರಿಕದಲ್ಲಿ ಕೂತು ರಾತ್ರಿ ಹನ್ನೊಂದಕ್ಕೆ ಊರಿನ ಆಫೀಸಿಗೆ ಫೋನ್ ಮಾಡಿ ಅದನ್ನು ಕಳಿಸಿ ಅಂತ ಕೇಳುವುದಕ್ಕಿಂತ, ಇಲ್ಲಿದ್ದಾಗಲೇ ಒಂದು ದಿನ ಹೋಗಿ ನಿಂತು ಮುಗಿಸಿಕೊಳ್ಳುವುದು ಸುಲಭ.